ವಾಸನೆಯಿಲ್ಲದ ಬಣ್ಣ

ಸಿದ್ದಾಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತು
ಪೇಂಟರ್ ಲಾಜರ ಎಲ್ಲಿ ಎಂದು ಕೇಳಿದರೆ
ಮೂಗು ಹೇಳಿದ ಕಡೆ ನಡಿ, ಥಿನ್ನರ್ ಸಿಗುತ್ತೆ,
ಅದರೊಳಗೆ ಅವನಿರ್ತಾನೆ, ಎನ್ನುತ್ತಿದ್ದರು.
ಮೂವತ್ತೊಂದು ವರ್ಷ.
ಬಂಗಲೆಯ ಬಾಗಿಲು, ಲೈನ್ ಮನೆಯ ಕಿಟಕಿ,
ಚರ್ಚಿನ ಬೆಂಚು, ಮಸೀದಿಯ ಗೇಟು, ಜೀಪಿನ ಮಡ್‌ಗಾರ್ಡು,
ನಾನು ಮುಟ್ಟಿದ್ದೆಲ್ಲ ಮಿಂಚಿತು.

ಮೂಗು ಯಾವಾಗ ಹೋಯಿತೋ ಗೊತ್ತಿಲ್ಲ.
ಹಲ್ಲು ಹೋದರೆ ನಾಲಗೆಗೆ ತಿಳಿಯುತ್ತದೆ,
ಕೂದಲು ಹೋದರೆ ಕನ್ನಡಿಗೆ.
ಇದು ಬಾಡಿಗೆ ಬಾಕಿಯಿಟ್ಟವನ ಹಾಗೆ
ರಾತ್ರಿಯಲ್ಲಿ ಸದ್ದಿಲ್ಲದೆ ಖಾಲಿ ಮಾಡಿತು.
ಒಂದು ಮಾರ್ಚಿನಲ್ಲಿ ಹೂಮಳೆ ಬಿದ್ದ ಎಂಟನೇ ದಿನ
ತೋಟವೆಲ್ಲ ಬೆಳ್ಳಗೆ ನಿಂತಾಗ
ಹೆಂಡತಿ ಕಣ್ಣು ಮುಚ್ಚಿ ಉಸಿರೆಳೆದಳು.
ನಾನೂ ಎಳೆದೆ.
ಒಂದಿಷ್ಟು ತಂಪು ಬಂತು, ಅಷ್ಟೆ.
'ಈ ಸಲ ಘಮ ಕಡಿಮೆ' ಅಂದೆ.
ಅವಳು ನನ್ನ ಮುಖ ನೋಡಿದಳು.

ಅಂಗನವಾಡಿಯ ಕಿಟಕಿಗೆ ಹಸಿರು ಎನಾಮೆಲ್ ಬಳಿದವನೂ ನಾನೇ.
ಹಳೇ ಡಬ್ಬಿ, ಅಗ್ಗಕ್ಕೆ ಸಿಕ್ಕಿದ್ದು, ಲೇಬಲ್ಲಿರಲಿಲ್ಲ.
ಅಸ್ಸಾಮಿನಿಂದ ಮೆಣಸು ಕುಯ್ಯಲು ಬಂದವರ ಮಗು, ಜುನ್‌ಮಣಿ,
ಅಮ್ಮ ಬರುವ ದಾರಿ ನೋಡುತ್ತ
ದಿನವಿಡೀ ಸರಳು ಕಚ್ಚುತ್ತಿತ್ತಂತೆ.
ಸೀಸ ಸಿಹಿಯಂತೆ. ನನಗೆ ಯಾರೂ ಹೇಳಿರಲಿಲ್ಲ.
ನಾನೂ ಕೇಳಿರಲಿಲ್ಲ.
ಮಡಿಕೇರಿಯಿಂದ ರಕ್ತದ ಚೀಟಿ ಬಂದ ದಿನ
ಟೀಚರ್ ದೇಚಮ್ಮ ಬೈಯಲಿಲ್ಲ,
ಕರೆದೊಯ್ದು ಕಿಟಕಿ ತೋರಿಸಿದರು.
ಹಸಿರಿನಲ್ಲಿ ಅಕ್ಕಿಕಾಳಿನಷ್ಟು ನಾಲ್ಕು ಗುರುತು.

ಕುಂಞಾಲಿ ಹಾರ್ಡ್‌ವೇರಿನಲ್ಲಿ
ಮುಂದೆ ಅಪ್ಪ ಡಬ್ಬಿ ಮಾರುತ್ತಾರೆ,
ಹಿಂದೆ, ಗೋಣಿ ಪರದೆಯಾಚೆ,
ಕೆಮಿಸ್ಟ್ರಿ ಓದಿ ಬಂದ ತಸ್ಲೀಮಾ ಮೊಸರು ಸೋಸುತ್ತಾಳೆ.
ಕೆನೆ ತೆಗೆದ ಹಾಲಿನ ಗಟ್ಟಿ,
ಮೂರು ವಾರ ನೀರಲ್ಲಿ ಮಲಗಿದ ಚಿಪ್ಪಿನ ಸುಣ್ಣ,
ಬರೆ ಕಡಿದ ರಸ್ತೆಯ ಕೆಮ್ಮಣ್ಣು,
ಹಳೇ ವೇಲಿನಲ್ಲಿ ಜರಡಿ ಹಿಡಿದದ್ದು.
'ಮೊಸರು ಕಲಸೋಕೆ ಗೋಡೆಯೇನು ಅನ್ನವಾ?'
ಪರದೆಯೀಚೆಯಿಂದ ಅಪ್ಪ.
ಮೊದಲ ಸಲ ಹಪ್ಪಳದಂತೆ ಎದ್ದಿತು.
ಎರಡನೇ ಸಲ ಬೂಷ್ಟು ಹಿಡಿಯಿತು.
ಏಳನೆಯದಕ್ಕೆ ಉಗುರು ಹಾಕಿದೆ, ಕಿತ್ತು ಬರಲಿಲ್ಲ.
'ಹೊಳಪಿಲ್ಲವಲ್ಲ' ಅಂದೆ.
'ಗೋಡೆಯೇನು ಮದುಮಗನಾ, ಲಾಜರಣ್ಣ?'
ಅಪ್ಪನ ನಾಲಗೆಯೇ.

ಮೂತಿಗೆ ಮಾಸ್ಕು ಕಟ್ಟಿ
ಹಳೆ ಹಸಿರನ್ನು ಒದ್ದೆ ಮಾಡಿ ಮಾಡಿ ಕೆರೆದೆ, ಧೂಳೇಳದ ಹಾಗೆ.
ಚೂರು ಚೂರನ್ನೂ ಡಬ್ಬಿಗೆ ಹಾಕಿ ಮುಚ್ಚಳ ಬಡಿದೆ.
ನನ್ನ ಕೆಲಸ ನಾನೇ ಕೀಳುವುದಕ್ಕೆ
ಬಳಿದ ಹೊತ್ತಿನ ನಾಲ್ಕರಷ್ಟು ಹೊತ್ತು.
ಸರಳಿಗೆ ಬಣ್ಣ ಬೇಡ, ಅಗಸೆ ಎಣ್ಣೆ ಸಾಕು ಎಂದಳು ಹುಡುಗಿ.
ಗೋಡೆಗೆ ಮಾತ್ರ ಈ ಹೊಸದು.
ಬಳಿಯುವಾಗ ಬಳಿದದ್ದೇ ಕಾಣದು,
ಒದ್ದೆ ಸುಣ್ಣಕ್ಕೆ ಮೈಯಿಲ್ಲ,
ನಂಬಿ ಬ್ರಶ್ಶು ಎಳೆಯಬೇಕು.
ಆಮೇಲೆ ಅದು ಗಾಳಿ ಕುಡಿಯುತ್ತದೆ,
ಕುಡಿಯುತ್ತ ಕುಡಿಯುತ್ತ ಬಣ್ಣಕ್ಕೆ ಬರುತ್ತದೆ.
ನನ್ನ ಕೈಯ ಬಣ್ಣಗಳೆಲ್ಲ ಗಾಳಿಗೆ ಏನೋ ಬಿಟ್ಟವೇ.
ಗಾಳಿಯಿಂದ ಪಡೆದದ್ದು ಇದೊಂದು.

ಮಾರನೇ ಬೆಳಿಗ್ಗೆ ಜುನ್‌ಮಣಿ ಗೋಡೆಗೆ ಮೂಗೊತ್ತಿ ನಿಂತಿತ್ತು.
ಔಷಧಿ ಇನ್ನೂ ನಡೆಯುತ್ತಿದೆ, ಕಾಲು ಕಡ್ಡಿ.
'ಎಂಥ ವಾಸನೆ?' ಅಂದೆ.
'ಎಂಥ ಇಲ್ಲ' ಅಂದಿತು, ಕನ್ನಡದಲ್ಲಿ,
ಮೂಗಿನ ತುದಿಗೆ ಚೂರು ಕೆಂಪು.
ಅಷ್ಟರಲ್ಲಿ ಮೊಟ್ಟೆಯ ಟ್ರೇ ಹಿಡಿದು ಬಂದ ಚೋಮಿ
ಹೊಸ್ತಿಲಲ್ಲೇ ನಿಂತಳು.
'ಹೂ ಬಿಟ್ಟಿದೆಯಲ್ಲ, ಒಳಗೂ ಬರ್ತಿದೆ.'
ನಿನ್ನೆ ಬಳಿದ ಕೋಣೆಯೊಳಗೆ ನಿಂತು
ಒಬ್ಬಳು ಹೊರಗಿನ ಕಾಫಿ ಹೂವನ್ನು ಹೇಳುತ್ತಿದ್ದಳು.
ನನಗೆ ಕಿವಿಯಲ್ಲಿ ಬಂತು ಅದು.

ಸಂಜೆ ಥಿನ್ನರ್ ಸೀಸೆಗೆ ಕೈ ಹೋಯಿತು, ಅಭ್ಯಾಸ.
ಬಿಟ್ಟು, ನಲ್ಲಿ ತಿರುಗಿಸಿದೆ.
ಬರೀ ನೀರು.
ಕೈ ಸ್ವಚ್ಛವಾಯಿತು.