ನಾಳೆ ಸ್ಕ್ಯಾನಿದೆ

ಮೊದಲು ಕಂಡವಳು ನಾನೇ,
ಚಿಂತಾಮಣಿಯಲ್ಲಿ, ಚೌಕದ ಹಿಂದೆ ಮೆಟ್ಟಿಲು ಹತ್ತಿದರೆ ಸಿಗುವ
ಈ ಒಂದೇ ಕುರ್ಚಿಯ ಪಾರ್ಲರಿನಲ್ಲಿ.
ಹುಬ್ಬಿಗೆಂದು ಬಂದ ರೆಡ್ಡೆಮ್ಮ
ಸೆರಗಲ್ಲಿ ಬಾಯಿ ಮುಚ್ಚಿಕೊಂಡೇ ಕೂತಳು.
ತಿಂಗಳಿಗೊಮ್ಮೆ ಇದ್ದದ್ದು ವಾರಕ್ಕೊಮ್ಮೆಯಾಯಿತು,
ಆಮೇಲೆ ಮೂರು ದಿನಕ್ಕೆ.
ಹಲ್ಲಲ್ಲಿ ದಾರ ಕಚ್ಚಿ ಎಳೆಯುವಾಗ
ಬೆರಳಿಗೇ ಗೊತ್ತಾಯಿತು, ಇದು ಹೆಂಗಸಿನ ಕೂದಲಲ್ಲ.
ದನಿ ಒಡೆದಿತ್ತು. ಪುರಿ ಭಟ್ಟಿಯ ಹುಡುಗರು
ಬೆನ್ನ ಹಿಂದೆ ‘ರೆಡ್ಡಪ್ಪ’ ಅನ್ನುತ್ತಿದ್ದರಂತೆ.
ದುಡ್ಡು ತಗೊಳ್ಳದೆ ಹೇಳಿದೆ:
ಅಕ್ಕಾ, ಇದು ದಾರದ ಕೆಲಸವಲ್ಲ, ಡಾಕ್ಟರಿಗೆ ತೋರಿಸು.

ಮೂತ್ರಪಿಂಡದ ತಲೆ ಮೇಲೆ ಟೋಪಿ ಹಾಗೆ ಒಂದು ಗ್ರಂಥಿಯಂತೆ.
ಹತ್ತು ಲಕ್ಷಕ್ಕೆ ಒಬ್ಬರಿಗೋ ಇಬ್ಬರಿಗೋ ಬರುವ ರೋಗವಂತೆ.
‘ಲಾಟರಿ ಹೊಡೀತು ನೋಡು ಜಬೀನಾ’ ಅಂದಳು, ಅದೇ ಗಂಡು ದನಿಯಲ್ಲಿ.
ಸಣ್ಣ ತೆಂಗಿನಕಾಯಷ್ಟು ಗಡ್ಡೆ. ಸಿಪ್ಪೆ ಒಡೆಯದ ಹಾಗೆ,
ಪಕ್ಕದ ಮೂತ್ರಪಿಂಡದ ಸಮೇತ ತೆಗೆದರು;
ಒಡೆದಿದ್ದರೆ ಕತೆ ಬೇರೆ ಇತ್ತು ಅಂದರಂತೆ ಸರ್ಜನ್ನು.
ಇಡಿಯಾಗಿ ಬಂತು ಎಂಬ ಮಾತನ್ನು
ಬೀದಿಗೆಲ್ಲ ಹಂಚಿದಳು, ಅರ್ಧ ಸೇರು ಪುರಿಯ ಜೊತೆ.

ಆಮೇಲಿನದನ್ನು ಯಾರೂ ಹೇಳಿರಲಿಲ್ಲ.
ದಿನಕ್ಕೆ ಎಂಟು ಮಾತ್ರೆ, ಹೊಟ್ಟೆಯಲ್ಲಿ ಅನ್ನ ನಿಲ್ಲಿಸದ ಮಾತ್ರೆ,
ಅದರ ಮಟ್ಟ ಏರಿತೋ ಇಳಿಯಿತೋ ನೋಡಲು ಮತ್ತೆ ಮತ್ತೆ ರಕ್ತ.
ಉಳಿದ ಇನ್ನೊಂದು ಗ್ರಂಥಿಯನ್ನೂ ಅದು ಮಲಗಿಸುತ್ತದಂತೆ,
ಅದಕ್ಕೆ ಬೆಳಿಗ್ಗೆ ಒಂದು, ಮಧ್ಯಾಹ್ನ ಅರ್ಧ, ಬೇರೆ ಬಿಳಿ ಮಾತ್ರೆ;
ತಪ್ಪಿಸಿದರೆ ನಿಂತಲ್ಲೇ ಕುಸಿಯುತ್ತಾಳೆ.
ಪರ್ಸಿನಲ್ಲಿ ಮಗಳು ಬರೆದ ಚೀಟಿ, ಕನ್ನಡದಲ್ಲೂ ತೆಲುಗಲ್ಲೂ:
‘ಬಿದ್ದಿದ್ದರೆ ನೀರಲ್ಲ, ಮೊದಲು ಈ ಇಂಜೆಕ್ಷನ್.’

ಮೂರು ತಿಂಗಳಿಗೊಂದು ಸ್ಕ್ಯಾನು. ಹಿಂದಿನ ಸಂಜೆ
ನನ್ನ ಮೆಟ್ಟಿಲು ಹತ್ತುತ್ತಾಳೆ.
ಹುಬ್ಬು ಬೇಡ, ಏನೂ ಬೇಡ.
ಟ್ಯೂಬ್‌ಲೈಟಿನ ಕೆಳಗೆ ಗಲ್ಲ ಎತ್ತಿ
‘ನೋಡಮ್ಮಾ’ ಎನ್ನುತ್ತಾಳೆ.
ನೋಡುತ್ತೇನೆ. ನುಣ್ಣಗೆ.
ಆರು ಸಲ ನುಣ್ಣಗೆ.

ಇವತ್ತು ಎಡಗಡೆ, ತುಟಿಯಂಚಿನಲ್ಲಿ ಒಂದು.
ಕಪ್ಪು. ನಲವತ್ತೇಳಕ್ಕೆ ಯಾರಿಗಾದರೂ ಬರುವಂಥದ್ದು,
ನನಗೂ ಇವೆ, ಗದ್ದದಡಿ ಎರಡು.
ದಾರ ಬೆರಳಿಗೆ ಸುತ್ತಿಯೇ ಇತ್ತು,
ಕಿತ್ತು ಬಿಸಾಕಿದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ.

‘ಒಂದಿದೆ ಅಕ್ಕಾ.’

ಕನ್ನಡಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು.
‘ಕೀಳಬೇಡ. ಅವರೂ ನೋಡಲಿ.’
ಮೆಟ್ಟಿಲ ತಿರುವಿನಿಂದ ಕೂಗಿದಳು, ಐದೂ ಹತ್ತರ ಬಸ್ಸು,
ನಾಲ್ಕಕ್ಕೆ ಒಂದು ಫೋನು ಮಾಡು, ಮಾತ್ರೆ ಮರೆತೀನು.

ಅಂಗಡಿ ಮುಚ್ಚುವಾಗ ನೋಡಿಕೊಂಡೆ:
ದಾರ ಬಿಚ್ಚಿರಲೇ ಇಲ್ಲ,
ಬೆರಳ ತುದಿ ನೀಲಿಗಟ್ಟಿತ್ತು.