ಕೊಂಡಿ

ವಿಭಾವರಿ ಬಂದಾಗ ಅವ್ವ ಕುಣಿಮಗ್ಗದಾಗಿದ್ಲು,
ಸೊಂಟದ ತನಕ ನೆಲದೊಳಗ.
ಅಕ್ಟೋಬರ್ ಕಡೀ ದಿನ. ಬೆಳಗಾವಿ ಬಸ್ಸಿಳಿದು
ಇಳಕಲ್ಲಿನ ಓಣಿ ಓಣಿ ಕೇಳಿಕೋತ ಬಂದಾಕಿ,
ಕೈಯಾಗ ಒಂದು ಮೇಣಬತ್ತಿ, ಒಂದು ಸೇಬು,
ನಮ್ಮ ನೀಲಗಂಗಾನ ಹಾಸ್ಟೆಲ್ ಟ್ರಂಕಿನ ಕೀಲಿ.

"ನಾ ವಿಕ್ಕಾ ಪಾಲಸ್ತೀನ್ರಿ," ಅಂದ್ಲು.
ಅವ್ವ ನನ್ನ ಮಾರಿ ನೋಡಿದ್ಲು.
ಅದೊಂದು ಧರ್ಮ ಬೇ, ದೂರದ್ದು, ಅಂದೆ,
ಹುಣ್ಣಿವೀ ಚಂದ್ರಾಮನ್ನ ಪೂಜಿ ಮಾಡ್ತಾರ, ಒಬ್ಬಾಕಿ ದೇವಿ ಅದಾಳ.
"ದೇವಿ ಇದ್ರ ಒಳಗ ಬರ್ಲಿ.
ಲಾಳಿ ದಾಟಬ್ಯಾಡ ಅನ್ನು."

ನಮ್ಮ ಓಣಿ ಹದಿಮೂರು ತಿಂಗಳ ಹಿಂದ
ತೀರ್ಪು ಕೊಟ್ಟು ಕೈ ತೊಳಕೊಂಡಿತ್ತು:
ಕೈಯಾರೆ ಹೋದವರಿಗೆ ಮ್ಯಾಲಿಲ್ಲ, ಕೆಳಗಿಲ್ಲ,
ಬರಕೊಂಡು ಬಂದ ಆಯುಷ್ಯ ತೀರೂತನಕ
ನಡುವ ನಿಂತಿರಬೇಕು, ಗಾಳಿಯಾಗಿ.
ಇಪ್ಪತ್ತಮೂರಕ್ಕ ಹೋದಾಕಿ.
ಎಂಬತ್ತಂತ ಹಿಡದ್ರ ಇನ್ನ ಐವತ್ತೇಳು ವರ್ಷ.
ಅವ್ವ ಅದನ್ನ ಬೆರಳಮ್ಯಾಲ ಎಣಿಸೂದು ನಾ ನೋಡೀನಿ
ದೀಪ ಆರಿಸಿದ ಮ್ಯಾಲ,
ಸೀರಿ ಕೂಲಿ ಎಣಿಸಿದ್ಹಂಗ.

"ನಿಮ್ಮೊಳಗ ಏನಂತಾರವಾ, ಇಂಥವರಿಗೆ?"

"ನರಕ ಇಲ್ಲರಿ ಅವ್ವಾರ. ಲೆಕ್ಕಾ ಬರಿಯೂ ಗುಮಾಸ್ತ ಇಲ್ಲ.
ದಣದ ಜೀವ ಒಂದು ನಾಡಿಗೆ ಹೋಗಿ ಕುಂದರತದ,
ಗಾಯ ಮಾಯೂತನಕ ದೇವಿ ಕೂಡ.
ಆಮ್ಯಾಲ ಮತ್ತ ಹುಟ್ಟಿ ಬರತದ,
ಅರ್ಧಕ್ಕ ಬಿಟ್ಟ ಪಾಠ ಓದಾಕ."

"ಹೆಸರೇನು ಆ ಊರಿಗೆ?"
"ಬ್ಯಾಸಿಗಿ ನಾಡು."

ಅವ್ವ ನಕ್ಳು!
ಹದಿಮೂರು ತಿಂಗಳಿಗೆ ಮೊದಲನೇ ನಗಿ, ಕೆಮ್ಮಿನ ಸಂಗಟ.
"ಬ್ಯಾಸಿಗಿ! ಪತ್ರಾಸಿನ ಕೆಳಗ ಬೆಂದ ಕೂಸಿಗೆ
ಮತ್ತ ಬ್ಯಾಸಿಗೇನs?
ನಿಮ್ಮ ದೇವಿಗೆ ಹೇಳು, ಒಂದು ಚಪ್ಪರರೆ ಹಾಕ್ಸಲಿ,
ಒಂದು ಹರಿವಿ ನೀರಿಡಲಿ."
"ಹೆಸರಿಟ್ಟವರು ಹಿಮದಾಗಿನ ಮಂದಿರಿ," ಅಂತ
ವಿಭಾವರಿ ತಾನೂ ನಕ್ಕು,
ನಗೂದರೊಳಗs ಅಳಾಕ ಹತ್ತಿದ್ಲು.

ನನಗ ನಗಿ ಬರಲಿಲ್ಲ.
ಟ್ರಂಕಿನಾಗ ಎರಡು ಚೂಡಿದಾರ, ಒಂದು ಕ್ಯಾಲ್ಕ್ಯುಲೇಟರ್,
ಹುರದ ಶೇಂಗಾದ ಪೊಟ್ಟಣ, ಮುಗ್ಗಲ ಹಿಡದದ್ದು.
ಯಾಕ ಅನ್ನೂದು ಅದರಾಗೂ ಇರಲಿಲ್ಲ.
"ನಿಮ್ಮ ನೇಮ ಒಂದs ಅಲ್ಲ," ಅಂದೆ,
"ಯಾರಿಗೂ ನೋವು ಮಾಡಬ್ಯಾಡ, ಉಳದದ್ದು ನಿನ್ನಿಚ್ಛಾ.
ಆ 'ಯಾರಿಗೂ' ಒಳಗ ತಾನು ಬರತಾಳೋ ಇಲ್ಲೋ?"

"ಬರತಾಳ," ಅಂದ್ಲು. "ಎಲ್ಲಾರಕಿಂತ ಮೊದಲ ಬರತಾಳ.
ಆಕಿಗೆ ನಾನs ಹೇಳಿದ್ದೆ."

ಮೇಣಬತ್ತಿ ಇನ್ನೂ ಹಚ್ಚಿರಲಿಲ್ಲ.
ಬೀದಿ ಲೈಟು ಹತ್ತಿದ್ವು.

"ಮತ್ತ ಆ ನಾಡು... ಕರೀತದೇನು?"
ಇದನ್ನ ನಾ ಅಕ್ಕನ ಸಲುವಾಗಿ ಕೇಳಿರಲಿಲ್ಲ.
ಅವ್ವಗ ತಿಳೀತು. ಮಗ್ಗ ನಿಂತ್ತು.

"ಕರಿಯೂದಿಲ್ಲ," ವಿಭಾವರಿ ನನ್ನ ಕಣ್ಣಾಗ ಕಣ್ಣಿಟ್ಲು.
"ಬಂದವರನ್ನ ಹೊರಗ ಹಾಕೂದಿಲ್ಲ, ಅಷ್ಟ.
ಕರಿಯೂದು ಏನಿದ್ರೂ ಈ ಕಡಿಂದ."

ಅವ್ವ ಕುಣಿಯೊಳಗಿಂದ ಕೈ ಚಾಚಿ, ನನ್ನ ಹೆಸರ ಹಿಡದು ಕರದ್ಲು.
"ಚನಬಸವ್ವಾ, ಬಾ ಇಲ್ಲೆ. ಇಳಿ ಕೆಳಗ.
ಒಡಲು ಮುಗದೈತಿ, ಸೆರಗಿಗೆ ಕೊಂಡಿ ಹಾಕಬೇಕು,
ಒಬ್ಬಾಕಿ ಕೈಲೆ ಆಗೂದಲ್ಲ.
ನೀನೂ ಬಾರವಾ, ಎಳಿ ಹಿಡಿಯಾಕ ದೇವರ ಹಂಗೇನು."

ಒಡಲ ಹಾಸು ಕರೀ ನೂಲು,
ಸೆರಗಿನ ಹಾಸು ಕೆಂಪು ರೇಷ್ಮಿ.
ಜಾತಿ ಬ್ಯಾರೆ, ಬಿಗಿ ಬ್ಯಾರೆ.
ಒಂದರ ಕುಣಿಕಿ ಇನ್ನೊಂದರ ಕುಣಿಕಿಯೊಳಗ ತೂರಿ,
ಬೆರಳು ಎಂಜಲ ಮಾಡಿ, ಎಳಿಬೇಕು.
ದೀಡ್ ತಾಸು ಮೂವರೂ ಮಾತಾಡಲಿಲ್ಲ.

ನಡುವ ವಿಭಾವರಿ ಸೇಬು ಅಡ್ಡ ಕೊಯ್ದು ತೋರಿಸಿದ್ಲು:
ಬೀಜದ ಸುತ್ತ ಐದು ಮೂಲಿ ಚಿಕ್ಕಿ.
ಅದು ಅವರ ಗುರುತಂತ.
"ಅಯ್ಯs, ನಮ್ಮ ಚಿಕ್ಕಿಪರಾಸ ದಡಿ," ಅಂದ ಅವ್ವ
ಒಂದು ಹೋಳು ಬಾಯಿಗಿಟ್ಟು ಮಾರಿ ಕಿವಿಚಿದ್ಲು,
"ಹುಳಿ ಐತಿ."

ಇನ್ನೊಂದು ಹೋಳು ಬತ್ತಿ ಪಕ್ಕ ಕಿಡಕ್ಯಾಗ ಇಟ್ವಿ.
ಎದುರು ಮನಿಯಾಕಿ ನೋಡಿ ಬಾಗಿಲ ಹಾಕಿದ್ಲು.

ಅವ್ವ ಕೊಂಡಿ ಎಣಿಸ್ತಿದ್ಲು, ತುಟಿಯೊಳಗ.
ಐವತ್ತೈದು. ಐವತ್ತಾರು.
ಐವತ್ತೇಳಕ್ಕ ಬೆರಳು ನಿಂತ್ವು.
ನಾ ಉಸರ ಹಿಡದೆ.
ಆಕಿ ಬೆರಳು ನಾಲಿಗಿಗೆ ಮುಟ್ಟಿಸಿ
ಮುಂದಿನ ಎಳಿ ತಗೊಂಡ್ಲು:

ಐವತ್ತೆಂಟು.