ಮೂರು ಸಾವಿರ ಅಡಿ

“ಯಾವ ಏರ್‌ಪೋರ್ಟು ಕಷ್ಟ ಮೇಡಂ, ಇಳ್ಸೋಕೆ?”
ಕೇಳಿದ್ದು ಮುನಿಆಂಜಿನಪ್ಪ, ಕಂಪನಿ ಕ್ಯಾಬಿನವರು,
ಜನವರಿಯ ಬೆಳಗ್ಗೆ ಆರೂಮುಕ್ಕಾಲಕ್ಕೆ,
ವೈಪರ್ ಒಂದು ಸಲ ಆಡಿಸಿ, ಮಂಜಿಗೆ ದಾರಿ ಬಿಡು ಅಂದ ಹಾಗೆ.

ಎಲ್ಲರೂ ಕೇಳುತ್ತಾರೆ. ಮದುವೆಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ,
ಹಲ್ಲಿನ ಡಾಕ್ಟರು ನನ್ನ ಬಾಯೊಳಗೆ ಕೈಯಿಟ್ಟುಕೊಂಡೇ.
ನನ್ನ ಹತ್ತಿರ ಸಿದ್ಧ ಉತ್ತರಗಳಿವೆ:
ಲೇಹ್. ಬೆಟ್ಟಗಳು ಎರಡೂ ಕಡೆ ಬೀಗರ ಹಾಗೆ ಕೂತು
ತಪ್ಪು ಹುಡುಕುತ್ತವೆ; ಮಧ್ಯಾಹ್ನವಾದರೆ ಗಾಳಿಯೂ ಅವರ ಕಡೆ.
ಬಜ್ಪೆ. ಗುಡ್ಡದ ನೆತ್ತಿ ಕೆತ್ತಿ ಹಾಕಿದ ಮಣೆ,
ತುದಿಯಲ್ಲಿ ಕಣಿವೆ ಬಾಯಿ ತೆರೆದು ಕಾಯುತ್ತದೆ,
ಮಳೆಗಾಲದಲ್ಲಿ ಮಣೆಯೂ ಒದ್ದೆ.

ಇವತ್ತು ಅವು ಬಾಯಿಗೆ ಬರಲಿಲ್ಲ.
“ಇದೇ,” ಅಂದೆ. “ನಿಮ್ಮ ದೇವನಹಳ್ಳಿ. ಇವತ್ತಿಂದು.”

ಕೊಲ್ಕತ್ತೆಯಿಂದ ಹೊರಟಾಗ ನಕ್ಷತ್ರಗಳು ತೊಳೆದಿಟ್ಟ ಹಾಗಿದ್ದವು.
ಹೊಸಕೋಟೆಯ ಮೇಲೆ ಬರುವ ಹೊತ್ತಿಗೆ
ಅರೆಚಂದ್ರನ ಬೆಳಕಲ್ಲಿ ನೋಡಿದರೆ, ಕೆಳಗೆ ಊರೇ ಇಲ್ಲ.
ಹೆಪ್ಪುಗಟ್ಟಿದ ಮೊಸರಿನ ಗಡಿಗೆ;
ನಂದಿಬೆಟ್ಟದ ತಲೆಯೊಂದು ಹೊರಗೆ,
ಕಡೆಯದೆ ಬಿಟ್ಟುಹೋದ ಕಡಗೋಲಿನ ಹಾಗೆ.
ಸುತ್ತಿದೆವು. ಮತ್ತೆ ಸುತ್ತಿದೆವು. ಪಕ್ಕದಲ್ಲಿ ತಹೂರಾ
ಚೆನ್ನೈಗೆ ಬೇಕಾಗುವ ಇಂಧನವನ್ನು
ತಿಂಗಳ ಕೊನೆಯ ಸಂಬಳದ ಹಾಗೆ ಮೂರು ಸಲ ಎಣಿಸಿದಳು.

ಮೊದಲ ಸಲ ಇನ್ನೂರಡಿಗೆ ಬಂದೆವು.
ಯಂತ್ರದ ದನಿ ಹೇಳಿತು: ಮಿನಿಮಮ್ಸ್.
ಅಂದರೆ, ಕಂಡರೆ ಇಳಿ, ಕಾಣದಿದ್ದರೆ ಏಳು.
ನಡುವೆ ಇನ್ನೊಂದು ಪದವಿಲ್ಲ.
ಕಾಣಲಿಲ್ಲ.
ಎದ್ದೆವು, ನೂರಾ ಎಂಬತ್ತು ಬೆನ್ನುಗಳನ್ನು ಸೀಟಿಗೆ ಒತ್ತಿ.
ಹದಿನಾಲ್ಕನೇ ಸಾಲಿನ ಕೂಸೊಂದೇ ಬಾಯಿಬಿಟ್ಟು ಅತ್ತಿತಂತೆ.

ಜಕ್ಕೂರಿನಲ್ಲಿ ನನಗೆ ಕಲಿಸಿದ ಮೊಣ್ಣಪ್ಪನವರು
ಪುಟ್ಟ ಸೆಸ್ನಾದ ರೆಕ್ಕೆಯಡಿ ಕೂತು ತಟ್ಟೆಇಡ್ಲಿ ಮುರಿಯುತ್ತ ಹೇಳುತ್ತಿದ್ದರು:
“ವಾಪಸ್ ಏಳೋದಕ್ಕೆ ನಾಚೋರು ಈ ಕೆಲಸಕ್ಕೆ ಬರಬೇಡಿ.
ನೆಲ ಎಲ್ಲಿಗೂ ಓಡಿಹೋಗಲ್ಲ.
ಇನ್ನೊಂದು ಸಲ ಹೋಗಿ ಕೇಳಿ, ಮರ್ಯಾದೆಯಿಂದ.”

ಮರ್ಯಾದೆಯಿಂದಲೇ ಹೋದೆ.
ಇನ್ನೂರಾ ಇಪ್ಪತ್ತಕ್ಕೆ ಒಂದು ದೀಪ.
ಅಲ್ಲ, ದೀಪದ ಅನುಮಾನ.
ಆಮೇಲೆ ಎರಡು, ಆಮೇಲೆ ಸಾಲು,
ಯಾರೋ ಹಾಲಿನೊಳಗಿಂದ ಮಣಿಸರ ಹಿಡಿದೆತ್ತಿದ ಹಾಗೆ.
“ಲ್ಯಾಂಡಿಂಗ್,” ಅಂದೆ. ನನ್ನ ದನಿ ನನಗೇ ಹೊಸತು.

ಚಕ್ರ ತಾಗಿದ್ದು ತಿಳಿಯಲಿಲ್ಲ ಅಂದಳು ತಹೂರಾ.
ಯಾರೂ ಚಪ್ಪಾಳೆ ತಟ್ಟಲಿಲ್ಲ. ಹಿಂದೆ
ಬೆಲ್ಟು ಬಿಚ್ಚುವ ಚಟಚಟ, ಫೋನುಗಳ ಟಿಣ್‌ಟಿಣ್.
ಸಿಗುವ ಬಹುಮಾನ ಅಷ್ಟೇ, ಯಾರಿಗೂ ಏನೂ ಆಗದ ಒಂದು ಬೆಳಗು.
ಎಂಜಿನ್ ಆರಿಸಿದಾಗ ಎತ್ತರದ ಅಂಕಿ
ಇನ್ನೂ ಮೂರು ಸಾವಿರ ತೋರಿಸುತ್ತಿತ್ತು. ಈ ಊರೇ ಹಾಗೆ,
ಇಳಿದ ಮೇಲೂ ಪೂರ್ತಿ ಇಳಿಸುವುದಿಲ್ಲ.

ಎಲ್ಲ ಕೇಳಿ, ಟೋಲಿನಲ್ಲಿ ನಿಧಾನಿಸಿ, ಮುನಿಆಂಜಿನಪ್ಪ
“ಪಡುವಲಗಡೆಯಿಂದ ಬಂದ್ರಾ, ಮೂಡಲಗಡೆಯಿಂದ್ಲಾ?” ಅಂದರು.
ಮೂಡಲು, ಅಂದೆ.
“ಹಂಗಾದ್ರೆ ನಮ್ಮ ತಾತನ ಚಕ್ಕೋತದ ತೋಪಿನ ಮೇಲೇ ಬಂದಿದ್ದೀರಿ.
ಈಗ ತೋಪಿಲ್ಲ ಬಿಡಿ. ಪಕ್ಕಕ್ಕೊಂದು ಕುಂಟೆ ಇತ್ತು, ಅದೂ ಇಲ್ಲ.
ಮಂಜು ಮೊದ್ಲಿಂದ ಅಲ್ಲೇ ಮಲಗೋದು. ತಗ್ಗು ಜಾಗ.
ಕುಂಟೆ ಮುಚ್ಚಿದ್ದು ಅದಕ್ಕೆ ಯಾರೂ ಹೇಳಿಲ್ಲ,
ಈಗ್ಲೂ ಬಂದು ಹುಡುಕ್ತದೆ.
ಬಿಸಿಲು ಬಂದು ನಂದಿ ಕಡೆ ಗಾಳಿ ಎದ್ರೆ ಹೊಂಟೋಗ್ತದೆ,
ಏಳೂಕಾಲು, ಏಳೂವರೆ.
ಒಂಚೂರು ಕಾಯ್ಬೇಕಿತ್ತು ನೀವು.”

ನನ್ನ ನಕ್ಷೆಯಲ್ಲಿ ಗುಡ್ಡ, ಕಂಬ, ಕ್ರೇನು ಎಲ್ಲ ಇವೆ, ಅಡಿ ಅಡಿ ಲೆಕ್ಕ.
ಕುಂಟೆ ಇಲ್ಲ.
ಕಾಯಲು ಇಂಧನವಿರಲಿಲ್ಲ ಎಂದು ಹೇಳಹೊರಟೆ,
ಆಕಳಿಕೆ ಬಂತು.

ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸುಗಳು ಸಾಲುಗಟ್ಟಿ
ಯಾರದೋ ಅನುಮತಿಗೆ ಕಾಯುತ್ತಿದ್ದವು.
ಅಲ್ಲಿಂದಾಚೆ ನೆನಪಿಲ್ಲ.

ಕಣ್ಣು ಬಿಟ್ಟಾಗ ಗಂಗಾನಗರದ ನನ್ನ ಗೇಟು,
ಕಿಟಕಿ ಒಂದು ಬೆರಳಷ್ಟು ಇಳಿಸಿದೆ, ಎಂಜಿನ್ ತಣ್ಣಗಿದೆ.
ಅವರು ಆಚೆ ಕಂಬಕ್ಕೊರಗಿ ಟೀ ಕುಡಿಯುತ್ತಿದ್ದರು,
ಬಾನೆಟ್ಟಿನ ಮೇಲೆ ಇನ್ನೊಂದು ಲೋಟ, ಕಾಗದ ಮುಚ್ಚಿಟ್ಟದ್ದು.
ಯಾವಾಗ ನಿಲ್ಲಿಸಿದರೋ,
ಗೊತ್ತಾಗಲಿಲ್ಲ.